ತಕ್ಕಡಿಗಳ ಮುಯ್ಯಿ

"ನೋಡ್ರಮ್ಮ, ಕಣ್ಣು ಬುಟ್ಕೊಂಡು ನೋಡಿ! ಇನ್ಮೇಲೆ ಈ ಡೇರಿಲಿ ಯಾವ ಯಂತ್ರನೂ ಇನ್ನೊಂದು ಯಂತ್ರದ ಮೇಲೆ ಮುನಿಸ್ಕೊಳಲ್ಲ!"

ನಮ್ಮ ಭಾವ ಜವರಪ್ಪ ಹಾಲಿನ ಡೇರಿಯ ಮೇಜಿನ ಮುಂದೆ ನಿಂತು ಹೀಗೆ ಸಾರಿದಾಗ ಒಳಗೆ ಹದಿನೈದು ಜನ ಹೆಂಗಸರಿದ್ದರು, ಬಾಗಿಲಲ್ಲಿ ಒಂದು ಕರು ಇತ್ತು. ಭಾನುವಾರದ ಮಧ್ಯಾಹ್ನ. ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಅವರು ಇಸ್ತ್ರಿ ಅಂಗಿ ಹಾಕುವುದು ಮದುವೆಗೆ, ಇಲ್ಲವೇ ಹೊಸದೇನಾದರೂ ಕಂಡುಹಿಡಿದಾಗ.

ಜವರಪ್ಪ ನನ್ನ ಅಕ್ಕ ಸಾಕಮ್ಮನ ಗಂಡ. ಅಕ್ಕತಂಗಿಯರಿಬ್ಬರೂ ಮೂಡಲಕೊಪ್ಪಲಿಗೇ ಸೊಸೆಯರಾಗಿ ಬಂದವರು. ಭಾವನ ಕಸುಬು ಪಂಪ್‌ಸೆಟ್ಟಿನ ಮೋಟಾರಿಗೆ ತಂತಿ ಸುತ್ತುವುದು. ಕೈ ಬಿಡುವಾದಾಗ ಕಂಡುಹಿಡಿಯುತ್ತಾರೆ. ಎರಡು ವರ್ಷದ ಹಿಂದೆ, ಬೆಳಕು ಹರಿದರೆ ತಾನೇ ತೆರೆದುಕೊಳ್ಳುವ ಕೋಳಿಗೂಡಿನ ಬಾಗಿಲು ಮಾಡಿದ್ದರು. ಅದು ಮಿಂಚಿಗೂ ತೆರೆದುಕೊಂಡಿತು. ಆಮೇಲೆ ಅಕ್ಕ ಕೋಳಿ ಸಾಕಲಿಲ್ಲ.

ನಾನು ಕಲಾವತಿ, ಊರಿನ ಮಹಿಳಾ ಹಾಲು ಸಂಘದ ಕಾರ್ಯದರ್ಶಿ. ನಲವತ್ಮೂರು ಜನ ಸದಸ್ಯೆಯರು. ನಮ್ಮ ಡೇರಿಯ ಒಂದೊಂದು ಸಾಮಾನೂ ಒಂದೊಂದು ಕಾಲದಲ್ಲಿ, ಒಂದೊಂದು ಕಂಪನಿಯಿಂದ ಬಂದದ್ದು. ತಕ್ಕಡಿ ಒಬ್ಬರದು, ಫ್ಯಾಟ್ ನೋಡುವ ಯಂತ್ರ ಇನ್ನೊಬ್ಬರದು, ಚೀಟಿ ಮುದ್ರಿಸುವ ಪ್ರಿಂಟರ್ ಮತ್ತೊಬ್ಬರದು. ಹೊರಗೋಡೆಯಲ್ಲಿ ಕೆಂಪು ಅಂಕಿಯ ಬೋರ್ಡು, ಪಕ್ಕದಲ್ಲಿ ಹೆಸರು ಕೂಗುವ ಸ್ಪೀಕರ್. ಒಂದೊಂದಕ್ಕೂ ಬೇರೆ ಬೇರೆ ತಂತ್ರಾಂಶ ಬೇಕು. ಒಂದು ನಡೆದರೆ ಇನ್ನೊಂದು ನಿಲ್ಲುತ್ತಿತ್ತು. ಹೋದ ತಿಂಗಳು ಹೀಗೇ ಕೈಕೊಟ್ಟು, ಎರಡು ಸಲ ಹಾಲಿನ ವ್ಯಾನು ನಮ್ಮ ಹಾಲು ಬಿಟ್ಟು ಹೊರಟುಹೋಯಿತು.

ಅದಾದ ಮೇಲೆ ಹಾಲು ಒಕ್ಕೂಟದ ವಿಸ್ತರಣಾಧಿಕಾರಿ ಫಾಲಾಕ್ಷಯ್ಯನವರು ಒಂದು ಕಾಗದ ಕಳಿಸಿದರು. ಸೋಮವಾರದಿಂದ ಸತತ ಮೂರು ದಿನ, ಪ್ರತಿ ಸದಸ್ಯೆಗೂ ಚೀಟಿ ಕೊಟ್ಟು, ಬೆಳಗ್ಗೆ ಏಳು ಗಂಟೆಯೊಳಗೆ ಹಾಲೆಲ್ಲವನ್ನೂ ಗಾಡಿಗೆ ಏರಿಸಬೇಕು. ಒಂದು ದಿನ ತಪ್ಪಿದರೂ ಡೇರಿ ಮುಚ್ಚಿ ಸದಸ್ಯೆಯರನ್ನು ಕಂಚಿನಕೊಪ್ಪಲಿನ ಸಂಘಕ್ಕೆ ಸೇರಿಸಲಾಗುವುದು. ಕಂಚಿನಕೊಪ್ಪಲು ಕಾಲುವೆಯ ಆಚೆ, ಎರಡು ಕಿಲೋಮೀಟರು. ದಿನಕ್ಕೆರಡು ಹೊತ್ತು ಕ್ಯಾನು ಹೊತ್ತು ಹೋಗಿ ಬರಬೇಕು. ಕೆಂಪಾಜಮ್ಮನಂಥ ಮಂಡಿನೋವಿನವರು ಎಮ್ಮೆ ಮಾರಬೇಕಾಗುತ್ತಿತ್ತು. ನನ್ನ ಕೆಲಸದ ಮಾತು ಬಿಡಿ, ಅದನ್ನು ಆ ಕಾಗದ ಹೇಳಿಯೂ ಇರಲಿಲ್ಲ.

"ಅದೇನ್ ಮಾಡಿದ್ದೀರಿ ಭಾವ, ನಮ್ಗೂ ಅರ್ಥ ಆಗೋ ಹಂಗೆ ಹೇಳಿ" ಎಂದೆ.

"ಇದ್ರ ಹೆಸ್ರು ಹಗೇವು" ಎಂದರು ಭಾವ. ಹಗೇವು ಎಂದರೆ ಹಿಂದೆ ರಾಗಿ ತುಂಬಿಡುತ್ತಿದ್ದ ನೆಲದೊಳಗಿನ ಗುಂಡಿ. "ಯಾವ್ಯಾವ ಯಂತ್ರದ ಹತ್ರ ಹೆಂಗೆಂಗೆ ಮಾತಾಡ್ಬೇಕು ಅನ್ನೋದನ್ನೆಲ್ಲ ಬರೆದು ಒಂದೇ ಕಡೆ ತುಂಬ್ಸಿದ್ದೀನಿ ಅಮ್ಮಿ. ಇದಕ್ಕೆ ಬೀಗ ಇಲ್ಲ. ಯಾರು ಬೇಕಾದ್ರೂ ತಗೋಬೋದು, ಯಾರು ಬೇಕಾದ್ರೂ ತಂದು ಸುರೀಬೋದು. ಈ ಯಂತ್ರಗಳು ಒಂದೊಂದು ಊರಿನ ಸೊಸೆದೀರು ಇದ್ದಂಗೆ, ಒಬ್ಬಳ ಮಾತು ಇನ್ನೊಬ್ಬಳಿಗೆ..."

"ಸೊಸೆದೀರ ಸುದ್ದಿ ಯಾಕೆ?" ಅಕ್ಕ ಹಿಂದಿನಿಂದ ಕೂಗಿದಳು. "ನೀವು ಗಂಡಸ್ರು ನಾಕ್ ಜನ ಒಂದ್ ಕಾಲುವೆ ತೂಬು ಎತ್ತಕ್ಕೆ ಎಷ್ಟ್ ದಿನ ಜಗಳ ಆಡಿದ್ರಿ ಅಂತ ಹೇಳ್ಲಾ?"

ಹೆಂಗಸರು ನಕ್ಕರು. ಭಾವ ಕೇಳಿಸದವರಂತೆ ಕನ್ನಡಕ ಒರೆಸಿಕೊಂಡರು.

ನಿಜ ಹೇಳಬೇಕೆಂದರೆ ಅವರು ಅದಕ್ಕಾಗಿ ಏಳು ತಿಂಗಳು ಕೂತಿದ್ದರು. ಡೇರಿಯ ಕಂಪ್ಯೂಟರಿಗೆ, ಯಾರ ಅಪ್ಪಣೆಯೂ ಬೇಡದ ಲಿನಕ್ಸ್ ಎಂಬ ತಂತ್ರಾಂಶ ಹಾಕಿದರು. ಯಂತ್ರದ ಭಾಷೆಯನ್ನು ಯಾವ ಕಂಪನಿಯೂ ಹೇಳಿಕೊಡಲಿಲ್ಲ. ಹಾಗಾಗಿ ತಕ್ಕಡಿಯ ಎದುರು ಕೂತು ಸೊನ್ನೆಯಿಂದ ಶುರುಮಾಡಿ ಒಂದೊಂದೇ ಅಂಕಿ ಕಳಿಸಿ ನೋಡಿದರು. ಹೊಸದಾಗಿ ತಂದ ಎಮ್ಮೆಯನ್ನು ಒಂದೊಂದೇ ಹೆಸರಿನಿಂದ ಕರೆದು, ಯಾವುದಕ್ಕೆ ಕಿವಿ ಆಡಿಸುತ್ತದೆ ಎಂದು ನೋಡುತ್ತಾರಲ್ಲ, ಹಾಗೆ. ಎಂಬತ್ತೇಳಕ್ಕೆ ತಕ್ಕಡಿ ಕುಯ್ ಎಂದಿತಂತೆ. ಅವತ್ತು ಭಾವ ಮೂರು ಮುದ್ದೆ ಉಂಡರೆಂದು ಅಕ್ಕ ಹೇಳಿದಳು. ಇಂಟರ್ನೆಟ್ಟಿನಲ್ಲಿ ಹಗೇವನ್ನು ಕಂಡ ಫಿನ್ಲೆಂಡಿನ ಯೂಹಾ ಎಂಬೊಬ್ಬ ಕೀಬೋರ್ಡಿನ ದೀಪಗಳ ಭಾಷೆ ಬರೆದು ಹಗೇವಿಗೆ ಸುರಿದ. ಅವನನ್ನು ಭಾವ ಕಂಡಿಲ್ಲ. ಆದರೆ ಅವನ ನೆಗಡಿಯ ಸುದ್ದಿ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಪ್ರದರ್ಶನ ಚೆನ್ನಾಗಿಯೇ ಆಯಿತು. ನಾನು ಒಂದು ಚೊಂಬು ಹಾಲು ಸುರಿದೆ. ತಕ್ಕಡಿ ತೂಗಿತು, ಫ್ಯಾಟ್ ಯಂತ್ರ ಗುಳುಗುಳು ಎಂದಿತು, ಬೋರ್ಡಿನಲ್ಲಿ ಅಂಕಿ ಬಂತು, ಸ್ಪೀಕರ್ ನನ್ನ ಹೆಸರು ಕೂಗಿತು, ಚೀಟಿ ಹೊರಬಿತ್ತು. ಎಲ್ಲ ಸೇರಿ ಒಂಬತ್ತು ಸೆಕೆಂಡು!

ಕೆಂಪಾಜಮ್ಮ ಮಾತ್ರ ಸೊಂಟದ ಮೇಲೆ ಕೈಯಿಟ್ಟು ಕೇಳಿತು. "ಲೋ ಜವರಪ್ಪ, ಒಂದಕ್ಕೆ ಕೆಲ್ಸ ಜಾಸ್ತಿಯಾಗಿ ಇನ್ನೊಂದು ಸುಮ್ಕೆ ಕೂತಿದ್ರೆ?"

"ಅಲ್ಲೇ ಇರೋದು ನೋಡವ್ವ ನನ್ ಬುದ್ಧಿ!" ಭಾವನ ಮುಖ ಅರಳಿತು. "ಸುಮ್ನಿರೋ ಯಂತ್ರ ಹೋಗಿ ಕೆಲ್ಸ ಇರೋದಕ್ಕೆ ಕೈ ಹಾಕ್ತದೆ. ಆಮೇಲೆ ಅದು ಇದಕ್ಕೆ ತಿರುಗ್ಸಬೇಕು. ಮುಯ್ಯಿ!"

ನಾಟಿಯ ಕಾಲದಲ್ಲಿ ನಮ್ಮೂರಿನಲ್ಲಿ ಇವತ್ತಿಗೂ ಮುಯ್ಯಾಳು ಉಂಟು. ಇವತ್ತು ಅವರ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ಅವರು. ಆದರೆ ಸರಿಸಮ ತಿರುಗಿಸುವುದು ಮರ್ಯಾದೆಯಲ್ಲ. ಒಂದು ಸೇರು ಹಿಟ್ಟು ಇಸಿದುಕೊಂಡರೆ ಒಂದು ಹಿಡಿ ಮೇಲೆ ಹಾಕಿ ಕೊಡುತ್ತೇವೆ. ಭಾವ ಆ ಹಿಡಿಯನ್ನೂ ಹಗೇವಿನಲ್ಲಿ ಬರೆದಿದ್ದರು. ಪಡೆದದ್ದಕ್ಕಿಂತ ಒಂದು ಹಿಡಿ ಹೆಚ್ಚು ತಿರುಗಿಸಬೇಕು ಎಂಬುದೇ ಮೊದಲ ಪುಟದ ನಿಯಮ. ಯೂಹಾ ಒಂದು ಪ್ರಶ್ನೆ ಹಾಕಿದ್ದನಂತೆ. ಕೊಡುವವರಿಬ್ಬರೂ ಧಾರಾಳಿಗಳಾದರೆ ಇದು ನಿಲ್ಲುವುದೆಲ್ಲಿ?

"ನೀವೇನಂದ್ರಿ?" ಎಂದು ಕೇಳಿದೆ.

"ಒಳ್ಳೇವ್ರಿಬ್ರು ಸೇರಿದ್ರೆ ಯಾರ್ಗೇನ್ ತೊಂದ್ರೆ ಅಂತ ಬರ್ದೆ. ಅವ್ನೂ ಒಪ್ಕಂಡ."

ಸೋಮವಾರ ವ್ಯಾನು ಹೊರಡುವ ತನಕ ಯಾವ ತೊಂದರೆಯೂ ಇರಲಿಲ್ಲ. ಇನ್ನೂರ ಹನ್ನೆರಡು ಲೀಟರ್ ಹಾಲು ಆರು ಐವತ್ತಕ್ಕೆ ವ್ಯಾನು ಹತ್ತಿತು. ನಾನು ಉಸಿರು ಬಿಟ್ಟು ಕೂರುವಷ್ಟರಲ್ಲಿ ಪ್ರಿಂಟರ್ ತಾನಾಗಿ ಮಾತಾಡಿತು.

ಆಗಿದ್ದು ಇಷ್ಟು. ಪ್ರಿಂಟರ್ ತಕ್ಕಡಿಗಾಗಿ ಒಂದು ಚೀಟಿ ಮುದ್ರಿಸಿಕೊಟ್ಟಿತ್ತು. ಅದಕ್ಕೆ ಮುಯ್ಯಿಯಾಗಿ ತಕ್ಕಡಿ ಎರಡು ಸಲ ತೂಗಿಕೊಟ್ಟಿತು. ಮೇಲೆ ಏನೂ ಇರಲಿಲ್ಲ, ಹಾಗಾಗಿ ಸೊನ್ನೆಯನ್ನು ತೂಗಿತು. ಪ್ರಿಂಟರ್ ಸುಮ್ಮನಿದ್ದೀತೆ? ಮೂರು ಚೀಟಿ ಕೊಟ್ಟಿತು. ಮೂರರಲ್ಲೂ ಸೊನ್ನೆ ಲೀಟರ್. ಸ್ಪೀಕರಿಗೂ ಬೋರ್ಡಿಗೂ ಬಾಕಿಯಿತ್ತು, ಅವೂ ಸೇರಿಕೊಂಡವು.

"ಸೊನ್ನೆ! ಸೊನ್ನೆ! ಸೊನ್ನೆ!" ಎಂದು ಸ್ಪೀಕರ್ ಬೀದಿಗೆ ಕೂಗತೊಡಗಿತು.

ಖಾಲಿ ಚೊಂಬು ತೆಗೆದುಕೊಳ್ಳಲು ಬಂದ ಕೆಂಪಾಜಮ್ಮ ಮಂಡಿ ಹಿಡಿದುಕೊಂಡು ತಕ್ಕಡಿಯ ಮೇಲೆ ಕೈಯೂರಿ ನಿಂತಿತು. ಬೆಳಗ್ಗೆ ಕೊನೆಗೆ ಹಾಲು ಹಾಕಿದ್ದು ಅದೇ ಆದ್ದರಿಂದ ಸ್ಪೀಕರ್ ಕೂಡಲೇ ಅದರ ಹೆಸರು ಕೂಗಿತು. "ಕೆಂಪಾಜಮ್ಮ, ಹದಿನಾಲ್ಕು ಲೀಟರ್, ಫ್ಯಾಟ್ ಇಲ್ಲ!"

"ಫ್ಯಾಟ್ ಇಲ್ವಂತೆ ನಂಗೆ!" ಕೆಂಪಾಜಮ್ಮ ಕೈ ಕಿತ್ತುಕೊಂಡು ಎಗರಿತು. "ಮೂವತ್ತು ವರ್ಸ ಆತು ಹಾಲು ಹಾಕಕ್ ಹಿಡ್ದು, ಒಂದು ತೊಟ್ಟು ನೀರು ಬೆರ್ಸಿಲ್ಲ ಕಣೋ ಜವರಪ್ಪ! ಇಡೀ ಬೀದಿಗೆ ಕೇಳ್ಸಂಗೆ ಕೂಗ್ತದಲ್ಲೋ ಇದು!"

"ಅದು ಹಾಲಿಗಲ್ಲ ಕಣವ್ವ, ನಿನ್ ಕೈಗೆ..."

"ಕೈಗ್ ಬೇರೆ ಅಂತೀಯಾ!"

ಭಾವ ಕಂಪ್ಯೂಟರ್ ಆರಿಸಿದರು. ಸದ್ದು ನಿಂತಿತು. ಸಂಜೆ ಮತ್ತೆ ಹಚ್ಚಿದರೆ, ಬೆಳಗ್ಗೆ ಬಿಟ್ಟ ಕಡೆಯಿಂದಲೇ ಶುರುವಾಯಿತು!

"ಕರೆಂಟ್ ಹೋದ ನೆಪದಾಗೆ ಯಾವ್ದೂ ಮುಯ್ಯಿ ತಪ್ಪಿಸ್ಕೋಬಾರ್ದು ಅಂತ ಎಲ್ಲಾನೂ ನೆನಪಿಟ್ಕಳಂಗೆ ಮಾಡಿವ್ನಿ" ಎಂದು ಭಾವ ಗೋಡೆ ನೋಡುತ್ತ ಹೇಳಿದರು.

"ನಮ್ಮೂರಾಗೆ ಕರೆಂಟ್ ಹೋಗೋದು ಗೊತ್ತಿತ್ತು, ನಿಮ್ ಬುದ್ಧಿ ಹೋಗಿದ್ದು ಗೊತ್ತಿರ್ನಿಲ್ಲ" ಎಂದಳು ಅಕ್ಕ.

ಮಂಗಳವಾರ ಬೆಳಗ್ಗೆ ಪ್ರಿಂಟರ್ ತಕ್ಕಡಿಗೆ ಎಷ್ಟು ಚೀಟಿ ಕೊಡಬೇಕಾಗಿತ್ತೋ ಅದು ನಮಗ್ಯಾರಿಗೂ ತಿಳಿಯಲಿಲ್ಲ, ಅದಕ್ಕೆ ಮಾತ್ರ ತಿಳಿದಿತ್ತು. ಕಾಗದ ಮೇಜಿನಿಂದ ನೆಲಕ್ಕೆ, ನೆಲದಿಂದ ಹೊಸಿಲಿಗೆ, ಹೊಸಿಲು ದಾಟಿ ಬೀದಿಗೆ ಹರಿಯಿತು. ಕೀಬೋರ್ಡು ಎಲ್ಲರಿಗೂ ಸಹಾಯ ಮಾಡಲು ಹೊರಟು, ಬೇರೇನೂ ಬಾರದೆ, ಹಸಿರು ಕೆಂಪು ದೀಪ ಹೊಡೆಯುತ್ತಿತ್ತು. ನಲವತ್ಮೂರು ಜನರ ನಿಜವಾದ ಚೀಟಿಗಳು ಆ ಸೊನ್ನೆಗಳ ನಡುವೆ ಎಲ್ಲೋ ಸೇರಿಹೋಗಿದ್ದವು. ಅಷ್ಟರಲ್ಲಿ ಆರು ನಲವತ್ತು. ವ್ಯಾನು ಅರಳಿಕಟ್ಟೆ ತಿರುಗುವ ಸದ್ದು ಕೇಳಿತು.

"ಎಲ್ರೂ ಕಾಗ್ದ ಹಿಡ್ಕಳಿ!" ಎಂದು ಕೂಗಿದೆ.

ಹೆಂಗಸರು ಬೀದಿಯುದ್ದಕ್ಕೂ ಸಾಲಾಗಿ ಕೂತರು. ಸೀರೆ ಅಂಗಡಿಯಲ್ಲಿ ಅಂಚು ನೋಡುವ ಹಾಗೆ ಕಾಗದವನ್ನು ಕೈಯಿಂದ ಕೈಗೆ ಜಾರಿಸುತ್ತ ಹೆಸರು ಹುಡುಕಿದರು.

"ಸೊನ್ನೆ, ಸೊನ್ನೆ, ಸೊನ್ನೆ... ಏ, ನಂದು ಸಿಕ್ತು! ನಾಕೂವರೆ ಲೀಟ್ರು!"

"ಅದು ನಂದು ಕೊಡೇ, ನಿಂದು ಯಾವತ್ತು ನಾಕೂವರೆ ಬಂದಿತ್ತು?"

"ಕರ ತಿಂತಾ ಅದೆ, ಕರ ತಿಂತಾ ಅದೆ! ಅದ್ರ ಬಾಯಾಗೆ ನನ್ ಚೀಟಿ ಅದೆ!"

ಕರುವಿನ ಬಾಯಿಂದ ಕೊನೆಯ ಚೀಟಿ ಎಳೆದುಕೊಂಡಾಗ ಆರು ಐವತ್ತೆಂಟು. ಕೊನೆಯ ಕ್ಯಾನಿನ ಮುಚ್ಚಳ ನಾನು ವ್ಯಾನಿನ ಮೇಲೆಯೇ ಹಾಕಿದೆ.

ಆಮೇಲೆ ಡೇರಿಯ ಜಗುಲಿಯಲ್ಲಿ ಕೂತು ಭಾವನನ್ನು ಚೆನ್ನಾಗಿ ಬೈದೆ. "ಆ ಹಿಡಿ ತೆಗೆದುಬುಡಿ ಭಾವ. ಇಸ್ಕೊಂಡಷ್ಟೇ ತಿರುಗ್ಸಲಿ."

"ಅದೆಂಗಾಯ್ತದೆ ಅಮ್ಮಿ? ಲೋಕವೇ ನೋಡ್ತಾ ಅದೆ ಹಗೇವ. ನಮ್ಮೂರೋರು ಎಣಿಸಿ ಕೊಡೋರು ಅಂತಾರೆ!"

ಇದನ್ನು ಕೇಳುತ್ತಿದ್ದ ಕೆಂಪಾಜಮ್ಮನಿಗೆ ಕೋಪ ಇನ್ನೂ ಇಳಿದಿರಲಿಲ್ಲ. "ಅಲ್ಲ ಕಣೋ, ಒಂದೇ ಒಲೆಲಿ ಉಣ್ಣೋರು ಮುಯ್ಯಿ ಮಾಡ್ತಾರೇನೋ? ನಿನ್ ಹೆಂಡ್ತಿ ನಿಂಗೆ ಒಂದ್ ಮುದ್ದೆ ಇಟ್ರೆ ನೀನು ಎರಡು ಮುದ್ದೆ ತಿರುಗ್ಸಿಯಾ?"

"ಮುದ್ದೆ ಇರ್ಲಿ, ತಟ್ಟೆ ತೊಳೆದು ತಿರುಗ್ಸಿದ್ರೆ ಸಾಕಾಗಿತ್ತು" ಎಂದಳು ಅಕ್ಕ.

ಭಾವ ಎದ್ದು ನಿಂತರು. ಅವರ ಕಣ್ಣು ಮೇಜಿನ ಕೆಳಗಿತ್ತು. ಎಲ್ಲ ಯಂತ್ರಗಳ ವಯರೂ ಅಲ್ಲಿ ಒಂದೇ ಪ್ಲಗ್ ಬೋರ್ಡಿಗೆ ಹೋಗುತ್ತಿದ್ದವು. ಒಂದೇ ಒಲೆ! ಮಧ್ಯಾಹ್ನವಿಡೀ ಕೂತು ಬರೆದರು. ಒಂದೇ ಪ್ಲಗ್ ಬೋರ್ಡಿನಲ್ಲಿ ಉಣ್ಣುವವರೆಲ್ಲ ಒಂದು ಮನೆಯವರು, ಅವರಲ್ಲಿ ಮುಯ್ಯಿ ಇಲ್ಲ. ಬರೆದದ್ದನ್ನು ಹಗೇವಿಗೆ ಸುರಿದರು. ಯಂತ್ರಗಳು ಆ ಕ್ಷಣವೇ ಸುಮ್ಮನಾದವು. ಹತ್ತು ನಿಮಿಷದಲ್ಲಿ ಯೂಹಾ ಚಪ್ಪಾಳೆ ತಟ್ಟುವ ಚಿತ್ರ ಕಳಿಸಿದ.

"ನೋಡ್ದಾ! ಕಂಚಿನಕೊಪ್ಪಲ ಡೇರಿಯೋರೂ ನಿನ್ನೆಯಿಂದ ಹಗೇವ ಹಾಕ್ಕಂಡವ್ರೆ" ಎಂದರು ಭಾವ, ಇಸ್ತ್ರಿ ಅಂಗಿಯ ತೋಳು ಮಡಿಸುತ್ತ.

ನಾನು ಅವರ ಕಡೆ ತಿರುಗಿದೆ. "ನಮ್ ಡೇರಿ ಮುಚ್ಚಿ ಯಾವೂರಿಗೆ ಸೇರಿಸ್ತೀನಿ ಅಂತಾವ್ರೋ, ಆ ಊರಿಗೇ ಕೊಟ್ರಾ ಭಾವ?"

"ಬೀಗ ಇಲ್ಲ ಅಂತ ಅವತ್ತೇ ಹೇಳಿವ್ನಿ."

ಬುಧವಾರ ಯಂತ್ರಗಳು ಬುದ್ಧಿ ಬಂದ ಮಕ್ಕಳ ಹಾಗೆ ನಡೆದುಕೊಂಡವು. ತೂಗಿದವು, ಕೂಗಿದವು, ಚೀಟಿ ಕೊಟ್ಟವು. ಆರು ಗಂಟೆಗೆಲ್ಲ ಮೂವತ್ತೈದು ಜನರ ಹಾಲು ಮುಗಿಯಿತು. ಆರು ಹತ್ತಕ್ಕೆ ಕಾಲುವೆಯಾಚೆ ಕಂಚಿನಕೊಪ್ಪಲಿನಲ್ಲಿ ಹಾಲಿನವರು ಒಟ್ಟಿಗೆ ಬಂದು ಅವರ ತಕ್ಕಡಿಗೆ ಕೆಲಸ ಹೆಚ್ಚಾಯಿತು. ಎರಡು ಡೇರಿಗಳ ಲೆಕ್ಕವೂ ಒಂದೇ ಇಂಟರ್ನೆಟ್ಟಿನ ಮೇಲೆ, ಸುತ್ತಲ ಊರುಗಳ ಹಾಲು ತಂಪು ಮಾಡಿಡುವ ಚಿಲ್ಲಿಂಗ್ ಸೆಂಟರಿಗೆ ಹೋಗುತ್ತದೆ. ಬಿಡುವಾಗಿದ್ದ ನಮ್ಮ ತಕ್ಕಡಿ ಆ ದಾರಿಯಲ್ಲೇ ಹೋಗಿ ಅವರ ತಕ್ಕಡಿಗೆ ಕೈ ಹಾಕಿತು. ಅವರದು ಬೇರೆ ಊರು, ಬೇರೆ ಪ್ಲಗ್ ಬೋರ್ಡು, ಬೇರೆ ಒಲೆ. ಸುಮ್ಮನೆ ಸಹಾಯ ತೆಗೆದುಕೊಂಡು ಕೂರುವಷ್ಟು ಮಾನಗೆಟ್ಟದ್ದಲ್ಲ ಆ ತಕ್ಕಡಿ.

ತಕ್ಕಡಿಯ ಹತ್ತಿರ ಕೊಡಲು ಏನಿದೆ? ತೂಕ.

ಸ್ಪೀಕರ್ ಕೂಗಿತು. "ಕೆಂಪಾಜಮ್ಮ, ಸಾವಿರದ ಒಂಬೈನೂರ ಆರು ಲೀಟರ್!"

ಕೆಂಪಾಜಮ್ಮ ತನ್ನ ಚೊಂಬನ್ನು ಬಗ್ಗಿ ನೋಡಿತು.

ನಾನು ಬೋರ್ಡು ನೋಡಲು ಹೊರಗೋಡಿದೆ. ನಮ್ಮ ಊರಿನ ಒಟ್ಟು ಹಾಲು ನಾಲ್ಕು ಸಾವಿರ. ಕಣ್ಣು ಮಿಟುಕಿಸಿದರೆ ಒಂಬತ್ತು ಸಾವಿರ. ಕಂಚಿನಕೊಪ್ಪಲು ಕೊಟ್ಟಿತು, ನಾವು ಒಂದು ಹಿಡಿ ಮೇಲೆ ಹಾಕಿ ತಿರುಗಿಸಿದೆವು, ಅವರು ಅದರ ಮೇಲೊಂದು ಹಿಡಿ. ತೂಕ ಹೆಚ್ಚಿದಂತೆ ಹಿಡಿಯೂ ದೊಡ್ಡದಾಗುತ್ತಿತ್ತು. ಆರು ಕಾಲಿಗೆ ಮೂಡಲಕೊಪ್ಪಲಿನ ಮೂವತ್ತಾರು ಹೆಂಗಸರು ಎಂಬತ್ತೆಂಟು ಸಾವಿರ ಲೀಟರ್ ಹಾಲು ಹಾಕಿದ್ದರು.

"ವಯರ್ ಕೀಳಿ ಭಾವ!"

"ನಮ್ದೇ ಬಾಕಿ ಉಳ್ಕಂಡಿರೋವಾಗ ಕಿತ್ರೆ ಆ ಊರೋರು ಏನಂದ್ಕತಾರೆ ಅಮ್ಮಿ?"

ಅಕ್ಕ ಒಳಗೆ ಬಂದು, ಗಂಡನ ಮುಖವನ್ನೂ ನೋಡದೆ, ಪ್ಲಗ್ ಬೋರ್ಡನ್ನೇ ಗೋಡೆಯಿಂದ ಕಿತ್ತು ಕಂಕುಳಲ್ಲಿಟ್ಟುಕೊಂಡಳು. ಎಲ್ಲವೂ ನಿಂತಿತು. ಉಳಿದ ಏಳು ಜನರ ಹಾಲನ್ನು ಅಳತೆಯ ಲೀಟರಿನಲ್ಲಿ ಅಳೆದು, ಚೀಟಿಯನ್ನು ಕೈಯಲ್ಲೇ ಬರೆದುಕೊಟ್ಟೆ. ಕೆಂಪಾಜಮ್ಮನ ಚೀಟಿಯಲ್ಲಿ ಅಂಕಿ ಹೊಡೆದುಹಾಕಿ "ಎರಡು" ಎಂದು ಬರೆದು ಸಹಿ ಮಾಡಿದೆ. ಆರು ನಲವತ್ತಕ್ಕೆ ಎಲ್ಲ ಮುಗಿಯಿತು. ಇನ್ನು ವ್ಯಾನು ಬರಬೇಕು, ಅಷ್ಟೇ.

ವ್ಯಾನು ಬರಲಿಲ್ಲ. ಎಷ್ಟು ಹಾಲಿದೆಯೋ ಅಷ್ಟಕ್ಕೆ ತಕ್ಕ ಗಾಡಿ ಕಳಿಸುವುದು ಚಿಲ್ಲಿಂಗ್ ಸೆಂಟರಿನ ಕಂಪ್ಯೂಟರು. ಅದು ನಮ್ಮ ಅಂಕಿ ನೋಡಿತ್ತು, ಕಂಚಿನಕೊಪ್ಪಲಿನದನ್ನೂ ನೋಡಿತ್ತು. ಆರು ನಲವತ್ತೈದಕ್ಕೆ ಅರಳಿಕಟ್ಟೆಯ ತಿರುವಿನಲ್ಲಿ ಒಂದು ಟ್ಯಾಂಕರ್ ಕಾಣಿಸಿತು. ಅದರ ಹಿಂದೆ ಇನ್ನೊಂದು. ಹಿಂದೆ ಮತ್ತೊಂದು. ಒಟ್ಟು ಹದಿನೇಳು! ಎರಡು ಎತ್ತಿನಗಾಡಿ ಎದುರಾದರೆ ಜಗಳವಾಗುವ ಬೀದಿ ಅದು.

ಕಂಚಿನಕೊಪ್ಪಲಿಗೆ ದಾರಿ ನಮ್ಮ ಊರಿನ ಮೇಲೆಯೇ. ಮುಂದಿನ ಟ್ಯಾಂಕರ್ ಕಾಲುವೆಯ ಸೇತುವೆವರೆಗೂ ಹೋಯಿತು. ಸೇತುವೆಗಿಂತ ಅದು ಒಂದು ಮೊಳ ಅಗಲ. ಹಿಂದೆ ಬರಲು ಹದಿನಾರು ಟ್ಯಾಂಕರುಗಳು ಬಿಡಲಿಲ್ಲ. ಕೊನೆಯದರ ಹಿಂದೆ ನಮ್ಮ ಮಾಮೂಲಿ ವ್ಯಾನು, ಅದರ ಹಿಂದೆ ಫಾಲಾಕ್ಷಯ್ಯನವರ ಜೀಪು ಸಿಕ್ಕಿಕೊಂಡಿದ್ದವು.

ಡೇರಿಯ ಮುಂದೆ ನಿಂತ ಟ್ಯಾಂಕರಿನ ಡ್ರೈವರ್ ತಲೆ ಹೊರಹಾಕಿದ. "ಎಂಬತ್ತೆಂಟು ಸಾವಿರ ಲೀಟ್ರು ಅಂದ್ರು, ಎಲ್ಲಮ್ಮ?"

ಆರು ಕ್ಯಾನು ತೋರಿಸಿದೆ. ಅವನು ಕ್ಯಾನುಗಳನ್ನು ನೋಡಿದ, ಹಿಂದಿನ ಸಾಲನ್ನು ನೋಡಿದ, ಬೀಡಿ ಹಚ್ಚಿದ.

"ಗಾಡಿ ಯಾವ್ದಾದ್ರೇನು, ಸುರೀರಿ!" ಎಂದೆ ಹೆಂಗಸರಿಗೆ. ಏಣಿ ಹಾಕಿ ಒಂದೊಂದೇ ಕ್ಯಾನು ಮೇಲೆತ್ತಿದೆವು. ಅಷ್ಟು ದೊಡ್ಡ ಹೊಟ್ಟೆಯ ತಳದಲ್ಲಿ ನಮ್ಮ ಹಾಲು ಬಿದ್ದ ಸದ್ದು ಬಾವಿಗೆ ಕಲ್ಲು ಹಾಕಿದ ಹಾಗಿತ್ತು. ಕೆಂಪಾಜಮ್ಮ, ಬೆಳಗಿನ ಕಾಫಿಗೆಂದು ಮನೆಯಲ್ಲಿ ಉಳಿಸಿದ್ದ ಪಾವು ಹಾಲನ್ನೂ ತಂದು ಹಾಕಿತು. ಉಳಿದವರೂ ಓಡಿಹೋಗಿ ಉಳಿಸಿದ್ದನ್ನು ತಂದರು. ಯಾವುದೋ ಒಂದು ತೊಟ್ಟು ಹೊರಗುಳಿದು ಡೇರಿ ಮುಚ್ಚುವುದು ಯಾರಿಗೂ ಬೇಡವಾಗಿತ್ತು. ಆರು ಐವತ್ನಾಲ್ಕಕ್ಕೆ ಮುಚ್ಚಳ ಬಿತ್ತು.

ಫಾಲಾಕ್ಷಯ್ಯನವರು ಟ್ಯಾಂಕರುಗಳ ಪಕ್ಕ ಗೋಡೆಗೆ ಬೆನ್ನೊತ್ತಿಕೊಂಡು ನಡೆದು ಬರುವಾಗ ಏಳಕ್ಕೆ ಒಂದು ನಿಮಿಷವಿತ್ತು. ಅಂಗಿಯ ತುಂಬ ಸುಣ್ಣ. ಬಂದವರೇ ಚೀಟಿಗಳನ್ನು ಎಣಿಸಿದರು. ಕೆಂಪಾಜಮ್ಮನದರ ಹತ್ತಿರ ನಿಂತರು.

"ಏನಮ್ಮ ಇದು? ಸಾವಿರದ ಒಂಬೈನೂರು?"

"ಇರೋದೊಂದೇ ಎಮ್ಮೆ ಸಾ" ಎಂದಿತು ಕೆಂಪಾಜಮ್ಮ. "ಆದ್ರೆ ಒಳ್ಳೇದು."

"ಹೊಡೆದುಹಾಕಿ ಎರಡು ಅಂತ ಬರೆದಿದ್ದೀನಿ ಸಾರ್" ಎಂದೆ. "ನಲವತ್ಮೂರೂ ಸರಿಯಾಗಿದೆ. ಹಾಲೂ ಏರಿಸಿ ಆಯ್ತು."

ಅವರು ಟ್ಯಾಂಕರ್ ಹತ್ತಿ ಒಳಗೆ ಬಗ್ಗಿ ನೋಡಿದರು. ಇಳಿಯುವಾಗ ಕಾಲುವೆ ಕಡೆ ಕಣ್ಣು ಹೋಯಿತು. ಸೇತುವೆಯ ಮೇಲೆ, ಸಿಕ್ಕಿಕೊಂಡ ಟ್ಯಾಂಕರಿನ ಪಕ್ಕದ ಸಂದಿಯಲ್ಲಿ, ಹೆಂಗಸರ ಸಾಲೊಂದು ನಮ್ಮ ಕಡೆಗೆ ಬರುತ್ತಿತ್ತು. ತಲೆಯ ಮೇಲೆ ಕ್ಯಾನುಗಳು. ವ್ಯಾನು ಬಾರದೆ ಹಾಲು ಕೆಡುತ್ತದೆಂದು ಕಂಚಿನಕೊಪ್ಪಲಿನ ಸಂಘವೇ ಎದ್ದು ಬಂದಿತ್ತು.

"ಇಲ್ಲಿ ಹಾಲು ತಕ್ಕಳ್ತೀರೇನವ್ವಾ?" ಮುಂದಿದ್ದವಳು ಕೂಗಿದಳು.

ನಾನು ಫಾಲಾಕ್ಷಯ್ಯನವರ ಮುಖ ನೋಡಿದೆ. ಅವರು ಸೇತುವೆ ನೋಡಿದರು, ಟ್ಯಾಂಕರ್ ಸಾಲು ನೋಡಿದರು, ಕೈಯಲ್ಲಿದ್ದ ಕಾಗದ ನೋಡಿದರು. ಆಮೇಲೆ ಜೇಬಿನಿಂದ ಪೆನ್ನು ತೆಗೆದು, ಮೂಡಲಕೊಪ್ಪಲಿನ ಕೇಂದ್ರವನ್ನು ಮುಂದುವರಿಸತಕ್ಕದ್ದು ಎಂದು ನಿಂತಲ್ಲೇ ಬರೆದು ಸಹಿ ಹಾಕಿದರು. ಸಹಿ ಸ್ವಲ್ಪ ಸೊಟ್ಟಗಿತ್ತು. ಆದರೆ ಅದು ಸಹಿಯೇ.

ಅಕ್ಕ ಕಂಕುಳಿನ ಪ್ಲಗ್ ಬೋರ್ಡನ್ನು ಭಾವನ ಕೈಗೆ ಕೊಟ್ಟಳು. ಭಾವ ಮಾತ್ರ ಟ್ಯಾಂಕರುಗಳನ್ನು ನೋಡುತ್ತ, "ಹದಿನೇಳು ಬಂದವೆ ಅಂದ್ರೆ, ಕೊನೇ ಹಿಡಿ ನಮ್ದೇ ಇರ್ಬೇಕು" ಎಂದು ತೃಪ್ತಿಯಿಂದ ಹೇಳಿದರು.

ಫಾಲಾಕ್ಷಯ್ಯನವರು ಜಗುಲಿಯ ಮೇಲೆ ಕುಸಿದು ಕೂತು, ಒಂದು ಲೋಟ ಕಾಫಿ ಸಿಗುತ್ತದೆಯೇ ಎಂದು ಕೇಳಿದರು. ಕೊಟ್ಟೆ. ಅವರಿಗೂ, ಹದಿನೇಳು ಜನ ಟ್ಯಾಂಕರ್ ಡ್ರೈವರುಗಳಿಗೂ. ಹಾಲಿಲ್ಲದ ಕಾಫಿಯನ್ನು ಅಧಿಕಾರಿಯೊಬ್ಬರು ಅಷ್ಟು ಹೊತ್ತು ಕುಡಿಯುವುದನ್ನು ನಾನು ಅವತ್ತೇ ನೋಡಿದ್ದು.